ಯಾವುದರ ಪಾಸಿಟಿವ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಿರ್ವದಲ್ಲಿ ನಮ್ಮ ಮನೆಯವರು ಹೇಳುವುದುಂಟು. ಇರಲಿ. ಬಾಯಿ ತೆರೆಯಬೇಕಾಗಿದ್ದ ದಿನ ಆ ಸಿಟ್ಟು ಎಲ್ಲಿ ಹಾಳಾಗಿ ಹೋಗಿತ್ತೋ ನನಗೆ ಗೊತ್ತಿಲ್ಲ. ಸ್ವರ್ಣಲತಾಳ ಕತೆ ಹೇಳುವಾಗ ಇದನ್ನೂ ಹೇಳಬೇಕು.

ಅಲೆವೂರಿನ ಸ್ವರ್ಣಲತಾಳಿಗೆ ಪಿಯುಸಿಯಲ್ಲಿರುವಾಗಲೇ ದೃಷ್ಟಿ ಪೂರ್ತಿ ಹೋಯಿತು. "ಬೀಡಿ ಕಟ್ಟಲಿಕ್ಕೆ ಕಣ್ಣು ಬೇಡ" ಎಂದು ಮನೆಯವರು ಮಡಿಲಿಗೆ ಬೀಡಿ ಎಲೆಯ ಮೊರ ಕೊಟ್ಟು ಕೂರಿಸಿದರು. ನಾಲ್ಕು ವರ್ಷ ಕಟ್ಟಿದಳು. ಆಮೇಲೆ ಹಟ ಹಿಡಿದು ಮಂಗಳೂರಿಗೆ ಹೋಗಿ ಕಂಪ್ಯೂಟರ್ ಕಲಿತಳು. ಪರದೆಯ ಮೇಲೆ ಇದ್ದುದನ್ನು ಕಿವಿಗೆ ಓದಿ ಹೇಳುವ ಸಾಫ್ಟ್‌ವೇರು ಉಂಟಲ್ಲ, ಅದರ ಬಲದಿಂದ ಉಡುಪಿಯ ಸಿಟಿ ಬಸ್ ನಿಲ್ದಾಣದ ಹಿಂದಿನ ನಮ್ಮ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಆ ವೇಗದ ಮಾತು ನಮಗೆ ಗೊರಗೊರ ಎಂದು ಕೇಳುತ್ತಿತ್ತು. ಅವಳಿಗೆ ಅಕ್ಷರ ಅಕ್ಷರವೂ ತಿಳಿಯುತ್ತಿತ್ತು.

ರಕ್ತ ಪರೀಕ್ಷೆ ಮಾಡುವವಳು ನಾನು, ಬೆನೆಡಿಕ್ಟಾ. ನಾನು ಫಲಿತಾಂಶ ಓದಿ ಹೇಳಬೇಕು, ಅವಳು ಕಂಪ್ಯೂಟರಿಗೆ ಹಾಕಬೇಕು, ಪ್ರಿಂಟ್ ಬಂದ ಮೇಲೆ ನಾನು ಇನ್ನೊಮ್ಮೆ ನೋಡಿ ಸಹಿ ಹಾಕಬೇಕು. ಆರು ವರ್ಷದಲ್ಲಿ ಅವಳು ಒಂದೇ ಒಂದು ತಪ್ಪು ಮಾಡಿರಲಿಲ್ಲ. ಹಾಗಾಗಿ ನಾನು ನೋಡುವುದನ್ನೇ ಬಿಟ್ಟಿದ್ದೆ, ಸಹಿ ಮಾತ್ರ ಹಾಕುತ್ತಿದ್ದೆ.

ರಿಪೋರ್ಟು ಬರೆಯುವ ಸಾಫ್ಟ್‌ವೇರು ಮಾತ್ರ ದರಿದ್ರದ್ದು. ಪುಟದಲ್ಲಿ ನಾಲ್ಕು ಪ್ರಶ್ನೆಗಳು: ರಕ್ತದ ಗುಂಪು ಪಾಸಿಟಿವೋ ನೆಗೆಟಿವೋ, ಆಮೇಲೆ ಹೆಪಟೈಟಿಸ್, ಎಚ್‌ಐವಿ, ಸಿಫಿಲಿಸ್. ಪ್ರತಿಯೊಂದರ ಕೆಳಗೆ ಎರಡೆರಡು ಗುಂಡನೆಯ ರೇಡಿಯೋ ಬಟನ್. ನಮಗೆ ಮೇಲಿನ ತಲೆಬರಹ ಕಾಣುತ್ತದೆ. ಅವಳ ಕಿವಿಗೆ ಬರುತ್ತಿದ್ದುದು "ಪಾಸಿಟಿವ್, ರೇಡಿಯೋ ಬಟನ್, ಎರಡರಲ್ಲಿ ಒಂದು" ಎಂಬುದಷ್ಟೆ. ಯಾವುದರ ಪಾಸಿಟಿವ್ ಎಂದು ಹೇಳುತ್ತಿರಲಿಲ್ಲ, ಏಕೆಂದರೆ ಅದನ್ನು ಮಾಡಿದ ಪುಣ್ಯಾತ್ಮರು ತಲೆಬರಹವನ್ನು ಬಟನುಗಳಿಗೆ ಜೋಡಿಸಿಯೇ ಇರಲಿಲ್ಲ. ಸ್ವರ್ಣಲತಾ ಎಣಿಸಿಕೊಂಡೇ ಕೆಲಸ ಮಾಡುತ್ತಿದ್ದಳು. ಮೊದಲನೆಯದು ರಕ್ತದ ಗುಂಪು, ಎರಡನೆಯದು ಹೆಪಟೈಟಿಸ್, ಹೀಗೆ. ಸರಿಮಾಡಿ ಕೊಡಿ ಎಂದು ಕಂಪೆನಿಗೆ ಮೂರು ಸಲ ಬರೆದಳು. ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕಳೆದ ಮಾರ್ಚಿನ ಒಂದು ಸೋಮವಾರ, ಯಾರಿಗೂ ಹೇಳದೆ ಕೇಳದೆ, ಅದರ ಹೊಸ ಆವೃತ್ತಿ ಬಂದು ಕುಳಿತಿತ್ತು. ರಕ್ತದ ಗುಂಪು ಕೊನೆಗೆ ಹೋಗಿತ್ತು, ಹೆಪಟೈಟಿಸ್ ಮೊದಲಿಗೆ ಬಂದಿತ್ತು. ನಾಲ್ಕೂ ಪರೀಕ್ಷೆಯ ರಿಪೋರ್ಟು ಆ ವಾರ ಇದ್ದುದು ಒಂದೇ, ಅಂದು ಬಂದ ಕಾಪುವಿನ ಸಫ್ರಾಝ್ ಎಂಬವರದು. ಕುವೈತಿನಲ್ಲಿ ಕೆಲಸ ಸಿಕ್ಕಿತ್ತು, ಏಜೆಂಟರಿಗೆ ರಿಪೋರ್ಟು ಅವಸರವಾಗಿ ಬೇಕಿತ್ತು. ನಾನು ಎಂದಿನಂತೆ ಓದಿದೆ: ರಕ್ತ ಪಾಸಿಟಿವ್, ಉಳಿದದ್ದೆಲ್ಲ ನೆಗೆಟಿವ್. ಅವಳು ಎಂದಿನಂತೆ ಮೊದಲನೆಯದಕ್ಕೆ ಪಾಸಿಟಿವ್ ಒತ್ತಿದಳು. ನಾನು ಎಂದಿನಂತೆ ಸಹಿ ಹಾಕಿದೆ.

ಹೆಪಟೈಟಿಸ್ ಪಾಸಿಟಿವ್ ಎಂದು ನೋಡಿ ಏಜೆಂಟರು ಆ ಸೀಟನ್ನು ಬೇರೆಯವರಿಗೆ ಕೊಟ್ಟರು. ಮೂರನೆಯ ದಿನ ಸಫ್ರಾಝ್ ಬೇರೆ ಕಡೆ ಮಾಡಿಸಿದ ರಿಪೋರ್ಟನ್ನು ಹಿಡಿದುಕೊಂಡು ಬಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ನನಗೆ ಎಂತ ಕಾಯಿಲೆಯೂ ಇಲ್ಲವಂತೆ. ಊರಿಡೀ ಸುದ್ದಿ ಆಗಿದೆ" ಎಂದರು ಅಷ್ಟೆ. ಸ್ವರ್ಣಲತಾ ಕೌಂಟರಿನ ಹಿಂದೆ ಕುಳಿತು ಕೇಳುತ್ತಿದ್ದಳು.

ಗಲಾಟೆಯಾದ ಮೇಲೆ ಕಂಪೆನಿಯವರು ತಲೆಬರಹ ಜೋಡಿಸಿ ಕೊಟ್ಟರು. ಇಪ್ಪತ್ತು ನಿಮಿಷದ ಕೆಲಸವಂತೆ. ಈಗ ಅದು "ಹೆಪಟೈಟಿಸ್, ಪಾಸಿಟಿವ್" ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ನನ್ನ ಮೈಯೆಲ್ಲ ಉರಿಯಿತು. ಇನ್ನೇನು, ಅವಳು ನಿಶ್ಚಿಂತೆಯಿಂದ ಕೆಲಸ ಮಾಡಬಹುದಿತ್ತು.

ಆದರೆ ಲ್ಯಾಬಿನ ಯಜಮಾನ ಸುಕೇಶ್ ಡಾಕ್ಟ್ರಿಗೆ ತಪ್ಪು ಹೊರಲು ಒಬ್ಬರು ಬೇಕಿತ್ತು. ಶನಿವಾರ, ಸ್ವರ್ಣಲತಾ ತಪ್ಪು ಒಪ್ಪಿಕೊಂಡು ಕೆಲಸ ಬಿಡುವಂತೆ ಒಂದು ಕಾಗದ ಟೈಪು ಮಾಡಿಸಿ ಇಟ್ಟರು. "ಇದಕ್ಕೆ ಸಹಿ ಹಾಕಿದರೆ ಅನುಭವದ ಪತ್ರ ಕೊಡುತ್ತೇನೆ" ಎಂದು ಅವಳಿಗೆ ಹೇಳಿ, "ನೀವು ಓದಿ ಹೇಳಿ" ಎಂದು ನನ್ನತ್ತ ತಳ್ಳಿದರು. ಸಾಕ್ಷಿಯ ಸಹಿ ನನ್ನಿಂದ ಮೊದಲೇ ಹಾಕಿಸಿಕೊಂಡಿದ್ದರು.

ನಾನು ಓದಿದೆ. ನಡುವಿನ ಒಂದು ಸಾಲನ್ನು ಬಿಟ್ಟೆ. ಅವಳಿಗೆ ನೋವಾಗುತ್ತದೆ ಎಂದು ಬಿಟ್ಟೆ ಎಂದರೆ ಅದು ಅರ್ಧ ಸತ್ಯ.

ಸ್ವರ್ಣಲತಾ ಪೆನ್ನು ತೆಗೆದುಕೊಳ್ಳಲಿಲ್ಲ. ಮೊಬೈಲು ತೆಗೆದು ಕಾಗದದ ಮೇಲೆ ಹಿಡಿದಳು. ಅದು ಕೋಣೆಗೆಲ್ಲ ಕೇಳುವಂತೆ ಓದಿತು. ನಾನು ಬಿಟ್ಟ ಸಾಲೂ ಬಂತು: "ಕಣ್ಣು ಕಾಣದ ಕಾರಣ ಕಂಪ್ಯೂಟರಿನ ಕೆಲಸ ನನ್ನಿಂದ ಸಾಧ್ಯವಿಲ್ಲವೆಂದು ಒಪ್ಪುತ್ತೇನೆ." ಕೊನೆಗೆ, "ಸಾಕ್ಷಿ, ಬೆನೆಡಿಕ್ಟಾ" ಎಂದಿತು.

"ಇದಕ್ಕೆ ಸಹಿ ಹಾಕಿದರೆ ಮತ್ತೆ ಯಾರು ನನಗೆ ಕೆಲಸ ಕೊಡುತ್ತಾರೆ ಡಾಕ್ಟ್ರೇ?" ಎಂದಳು. ಆಮೇಲೆ ನಾನಿದ್ದ ಕಡೆ ಮುಖ ತಿರುಗಿಸಿದಳು. "ಬೆನೆಡಿಕ್ಟಕ್ಕ, ಆ ರಿಪೋರ್ಟು ಪ್ರಿಂಟ್ ಆದ ಮೇಲೆ ನೀವು ನೋಡಿದ್ದೀರಿ ಅಲ್ವಾ?"

ನೋಡಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಡಾಕ್ಟ್ರು ನನ್ನನ್ನೇ ದಿಟ್ಟಿಸುತ್ತಿದ್ದರು. ನನಗೂ ಕೆಲಸ ಬೇಕಿತ್ತು. ಅವಳು ತುಂಬಾ ಹೊತ್ತು ಕಾದಳು. ಮತ್ತೆ ಬ್ಯಾಗಿನಿಂದ ಮಡಚಿದ್ದ ಕೋಲು ತೆಗೆದು, ಸಹಿ ಹಾಕದೆ, ಆರು ವರ್ಷ ದುಡಿದದ್ದಕ್ಕೆ ಒಂದು ಚೂರು ಕಾಗದವೂ ಇಲ್ಲದೆ, ಮೆಟ್ಟಿಲಿಳಿದು ಹೋದಳು. ನಾನು ಕುರ್ಚಿಯಿಂದ ಏಳಲೂ ಇಲ್ಲ.