ಬೀಗ ಎಳೆದು ನೋಡುವ ಕೈ

ಹೊನ್ನಾಳಿಯ ನಮ್ಮ ಮನೆಯ ಮುಂಬಾಗಿಲಿಗೆ ಅಂಗೈಯಗಲದ ಹಿತ್ತಾಳೆ ಬೀಗವೊಂದಿದೆ. ಬಿಸಿಲಿಗೂ ಮಳೆಗೂ ಜಗ್ಗದ ಅದರ ಕೊಂಡಿ, ನಾನು ಎಳೆದೆಳೆದೇ ತುಸು ಸಡಿಲವಾಗಿದೆ. ಬೀಗ ಹಾಕಿ ಒಮ್ಮೆ ಎಳೆದು ನೋಡುವುದು ಜಾಣತನ, ಮತ್ತೊಮ್ಮೆ ಎಳೆಯುವುದು ಅಭ್ಯಾಸ, ಬಸ್ ನಿಲ್ದಾಣದಿಂದ ವಾಪಸು ಬಂದು ಎಳೆಯುವುದು ಏನೆಂದು ನೀವೇ ಹೇಳಿ. ನಾನು ಅನುಮಾನದ ಹೆಂಗಸು, ಸ್ನೇಹಿತರೇ. ಹಾಲಿನವನು ನಕ್ಕರೆ ನೀರು ಬೆರೆಸಿರಬೇಕು ಅಂದುಕೊಳ್ಳುತ್ತೇನೆ. ನಗದಿದ್ದರೆ ಖಂಡಿತ ಬೆರೆಸಿದ್ದಾನೆ.

ಇದರಿಂದ ಯಾರಿಗೇನು ನಷ್ಟ ಎಂದು ಹಾಯಾಗಿದ್ದೆ, ಮಗನ ಮದುವೆ ಗೊತ್ತಾಗುವವರೆಗೆ. ಜಗಳೂರು ಕಡೆಯ ಹುಡುಗಿ, ರೂಪಾ. ಸೀರೆ ತರಲು ಹೊರಟ ದಿನ ನಮ್ಮ ಯಜಮಾನರು ಬೀಗ ಹಾಕಿ ಮೆಟ್ಟಿಲಿಳಿದರು. ಅವರ ಬೆನ್ನ ಹಿಂದೆ ನಾನು ಎಳೆದು ನೋಡಿದೆ. "ಥೇಟ್ ಅವ್ವನಂಗೇ ಎಳೀತಿ ನೋಡು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮತ್ತೆ ಊಟಕ್ಕೆ ಉಡುಗೆಗೆ ಕಡಿಮೆ ಮಾಡಿದವರಲ್ಲ. ಆದರೆ ನಾನು ಬೀಗ ಹಾಕಿ ಮೆಟ್ಟಿಲಿಳಿಯುವುದನ್ನೇ ಕಾದಿದ್ದು, ಹಿಂದಿನಿಂದ 'ಕಟಕ್' ಎನಿಸುತ್ತಿದ್ದರು. ಆ ಸದ್ದು ನೇರ ನನ್ನ ಬೆನ್ನಿಗೆ ಬೀಳುತ್ತಿತ್ತು. ಅವರಿದ್ದಷ್ಟು ಕಾಲ ನಾನು ಆ ಮನೆಗೆ ಸೊಸೆಯೋ ಕಳ್ಳಿಯೋ ತಿಳಿಯದೇ ಹೋಯಿತು. ಇನ್ನು ಅದೇ ಮೆಟ್ಟಿಲಿಗೆ ರೂಪಾ ಬರುತ್ತಾಳೆ, ಅವಳ ಬೆನ್ನ ಹಿಂದೆ ನಾನಿರುತ್ತೇನೆ.

ದಾವಣಗೆರೆಯಲ್ಲಿ 'ಆಪ್ತ ಸಮಾಲೋಚನೆ' ಎಂಬ ಬೋರ್ಡು ಕಂಡಿದ್ದೆ. ಗುರುತಿಲ್ಲದವರು ಆಪ್ತರು ಹೇಗಾದಾರು ಎಂಬ ಗುಮಾನಿಯಿಂದಲೇ, ಪಕ್ಕದ ಮನೆಯವರಿಗೆ "ಕಣ್ಣು ತೋರ್ಸಾಕೆ ಹೊಂಟೀನಿ" ಎಂದು ಹೇಳಿ ಬಸ್ಸು ಹತ್ತಿದೆ. ಮೆತ್ತನೆಯ ಕುರ್ಚಿ, ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ. ಅಳಿಸುವ ಸಂಚು ಮೊದಲೇ ನಡೆದಿದೆ ಎಂದುಕೊಂಡೆ.

"ಏನು ತೊಂದರೆ ಆಗಿದೆ?" ಎಂದಳು ಎದುರು ಕೂತ ಸಮಾಲೋಚಕಿ, ನನ್ನ ಮಗನ ವಯಸ್ಸಿನವಳು.

"ಏನೂ ಆಗಿಲ್ರೀ. ಆಗಬಾರ್ದು ಅಂತ್ಲೇ ಬಂದೀನಿ. ಸೊಸೆ ಬರೋದ್ರೊಳಗೆ ಈ ಕೈ ರಿಪೇರಿ ಆಗ್ಬೇಕು."

ಬೀಗದ ಕಥೆಯನ್ನೆಲ್ಲ ಕೇಳಿಯೂ ಅವಳು ನಗಲಿಲ್ಲ, ನಿಮ್ಮ ಮದುವೆಗೆ ಮುಂಚೆಯೂ ಹೀಗೆ ಎಳೆಯುತ್ತಿದ್ದಿರಾ ಎಂದು ಕೇಳಿದಳು. ಆಗ ನೆನಪಾಯಿತು. ಉಬ್ರಾಣಿಯ ತವರಿನಲ್ಲಿ ನಾನು ಬಾಗಿಲನ್ನು ಹಾರುಹೊಡೆದು ಆಡಲು ಓಡುತ್ತಿದ್ದವಳು! ಒಮ್ಮೆ ಕರು ಅಡುಗೆಮನೆಗೇ ನುಗ್ಗಿ ಬುಟ್ಟಿಯ ರೊಟ್ಟಿಯನ್ನೆಲ್ಲ ತಿಂದಿತ್ತು. ಅವ್ವ ಬೈದರೂ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಹಾಗೆ ನಗುತ್ತಿದ್ದ ಉಬ್ರಾಣಿಯ ಹುಡುಗಿ ಎಲ್ಲಿ ಹೋದಳು ಎಂದು ಯೋಚಿಸುತ್ತ ಡಬ್ಬಿಯ ಕಾಗದಕ್ಕೆ ಕೈ ಹಾಕಿದೆ.

ಹಾಗಾದರೆ ನಿಜವಾದ ನಾನು ಅವಳೋ, ಈ ಬೀಗದವಳೋ? ಈಗಲೂ ಅನುಮಾನವೇ. ನಿಜಸ್ವರೂಪವೆಂಬುದು ಪೆಟ್ಟಿಗೆಯ ತಳದ ಸೀರೆಯಂತೆ ಮಡಿಕೆ ಕೆಡದೆ ಕಾದಿರುತ್ತದೆ ಎಂದರೆ ನಾನು ನಂಬುವವಳಲ್ಲ. ಆದರೆ ಅನುಮಾನ ನನ್ನ ಹುಟ್ಟುಗುಣವಲ್ಲ, ಹೆದರಿ ಹೆದರಿ ಕಲಿತದ್ದು ಎಂಬಷ್ಟಂತೂ ತಿಳಿಯಿತು, ಮತ್ತು ಅದನ್ನು ರೂಪಾಗೆ ಕಲಿಸದೆ ಬಿಡಬಹುದೆಂಬುದೂ. ಮದುವೆಯವರೆಗೂ ಹೋಗಿಬರುತ್ತಿದ್ದೆ. ಪಕ್ಕದ ಮನೆಯವರು ಪಾಪ, ನನ್ನ ಕಣ್ಣಿಗಾಗಿ ಮರುಗುತ್ತಿದ್ದರು.

ಮದುವೆಯಾದ ಮೇಲೆ ನ್ಯಾಮತಿಯ ನೆಂಟರ ಮನೆಗೆ ಹೊರಟೆವು. ರೂಪಾ ಬೀಗ ಹಾಕಿ, ಸೆರಗು ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದಳು. ಬಾಗಿಲ ಬಳಿ ನಾನೊಬ್ಬಳೇ. ನನ್ನ ಕೈ ನೆಟ್ಟಗೆ ಬೀಗದ ಹತ್ತಿರ ಹೋಯಿತು. ರಿಪೇರಿ ಆಗಿರಲಿಲ್ಲ.

"ರೂಪಾ," ಎಂದೆ, "ನಂಗೆ ಒಂದ್ಸಲ ಎಳೆದು ನೋಡ್ಬೇಕು ಅನ್ನಿಸ್ತೈತೆ. ನಿನ್ನ ಮೇಲೆ ಅನುಮಾನ ಅಲ್ಲವ್ವ. ನನ್ನ ಹೆದರಿಕೆ."

ಅವಳು ತಿರುಗಿ ನೋಡಿದಳು. ಬೇಸರವಾಯಿತೋ ಏನೋ ಎಂದು, ಅಭ್ಯಾಸಬಲದಿಂದ, ಅದನ್ನೂ ಅನುಮಾನಿಸಿದೆ. ಅವಳು ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ನಿಂತಳು. "ಎಳೀರಿ ಅತ್ತೆ, ನಾನೂ ನೋಡ್ತೀನಿ," ಎಂದಳು.

ಎಳೆದೆ. ಕಟಕ್ ಎಂದಿತು. ಆ ಸದ್ದು ಈ ಸಲ ಯಾರ ಬೆನ್ನಿಗೂ ಬೀಳಲಿಲ್ಲ.