ಬಬಲೇಶ್ವರಕ್ಕೆ ಹೋಗದ ಸೈಕಲ್ಲು

ನಾನು ಬಬಲೇಶ್ವರಕ್ಕೆ ಹೋಗಿರಲಿಲ್ಲ. ಪಂಚಮಿಗೆ ಅಕ್ಕನನ್ನು ಕರೆಯಲು ಹೋಗಿದ್ದೆ, ಅವಳ ಅತ್ತೆ ನೀಲವ್ವ ಕಳಿಸಲು ಒಲ್ಲೆ ಎಂದಳು — ಎಂದು ಮನೆಯಲ್ಲಿ ನಾನು ಹೇಳಿದ್ದು ಪೂರಾ ಸುಳ್ಳು. ನೀಲವ್ವನ ಹೊಸ್ತಿಲನ್ನು ಅಂದು ನಾನು ತುಳಿದೇ ಇರಲಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಕುಳಿತಲ್ಲಿ ಕೂರುವ ಜಾತಿಯಲ್ಲ ನನ್ನದು; ಆ ದಿನ ಆದದ್ದಕ್ಕೂ ಅದೇ ಮೂಲ — ಅಲ್ಲ, ಹಾಗೆಂದರೆ ಅದೂ ಒಂದು ನೆಪವಾದೀತು.

ಎರಡನೆಯ ಮಹಾಯುದ್ಧದ ಕಾಲ. ವಿಜಾಪುರದಲ್ಲಿ ಅಪ್ಪನದೊಂದು ಸಣ್ಣ ಜವಳಿ ಅಂಗಡಿ. ಟಾಯರು ಟ್ಯೂಬು ಕಣ್ಣಿಗೇ ಬೀಳದ ಆ ದಿನಗಳಲ್ಲಿ ಅಪ್ಪ ಹೇಗೋ ಒಂದು ಹಳೆಯ ಸೈಕಲ್ಲು ಗಿಟ್ಟಿಸಿದ್ದ. ಅಂಗಡಿಯ ಕೆಲಸಕ್ಕೆಂದು ತಂದದ್ದು. ಓಡಿಸಿದ್ದು ನನ್ನ ಕಾಲಿನ ತುರಿಕೆಗೆ. ನಮ್ಮ ಸೀಮೆಯನ್ನು ಬಸ್ಸಿನಲ್ಲಿ ಕೂತು ನೋಡಿದವರು ಬಟಾಬಯಲು ಎನ್ನುತ್ತಾರೆ. ತುಳಿದವನಿಗೆ ಗೊತ್ತು, ಅದು ಬಯಲಲ್ಲ. ಏರುತ್ತಿರುವುದೇ ತಿಳಿಯುವುದಿಲ್ಲ, ತೊಡೆ ಮಾತ್ರ ನೋಯುತ್ತಿರುತ್ತದೆ. ಆಮೇಲೆ ಒಮ್ಮೆಲೆ ಪೆಡಲು ಹಗುರಾಗಿ, ಎರಡೂ ಕಡೆಯ ಸಜ್ಜೆ, ಹೆಸರಿನ ಹೊಲಗಳು ಹಿಂದಕ್ಕೆ ಓಡತೊಡಗುತ್ತವೆ. ಆ ಒಂದು ಗಳಿಗೆಗಾಗಿ ನಾನು ಊಟ ಬಿಟ್ಟೇನು ಎಂಬಂತಿದ್ದೆ. ಊಟವನ್ನಷ್ಟೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಅಕ್ಕ ಗಂಗವ್ವನನ್ನು ಬಬಲೇಶ್ವರಕ್ಕೆ ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಆದರೆ ತವರಿನಿಂದ ಒಬ್ಬರು ಹೋಗಿ ಕರೆಯಬೇಕು. ಕರೆಯದೆ ಹುಡುಗಿ ಬರುವಂತಿಲ್ಲ, ಕರೆಯದೆ ಬೀಗರು ಕಳಿಸುವಂತಿಲ್ಲ. ನಾನು ಹೋಗಿ ಕರೆದು ಬಂದರೆ ಮರುದಿನ ಅವರೇ ಚಕ್ಕಡಿ ಕಟ್ಟಿ ಕಳಿಸುವುದೆಂದು ಮಾತಾಗಿತ್ತು. ಅವ್ವ ಅತ್ತೆ-ಸೊಸೆಯರ ಕುಪ್ಪಸಕ್ಕೆಂದು ಒಂದೊಂದು ಖಣ, ಒಂದು ಗಂಟು ಶೇಂಗಾದ ಉಂಡಿ ಕಟ್ಟಿಕೊಟ್ಟಳು.

ಬಬಲೇಶ್ವರದ ದಾರಿ ನೆಟ್ಟಗೆ ಡೋಣಿ ಹೊಳೆ ದಾಟಿ ಹೋಗುತ್ತದೆ. ನಾನು ಹಿಡಿದದ್ದು ಅಥಣಿ ರಸ್ತೆ. ತಿಕೋಟಾದಲ್ಲಿ ಗೆಳೆಯ ಮಲ್ಲಪ್ಪನಿದ್ದ. ಅವನೊಡನೆ ಒಂದು ಗಳಿಗೆ ಕಳೆದು, ಅಲ್ಲಿಂದ ಬಂಡಿಯ ದಾರಿಯಲ್ಲಿ ಬಬಲೇಶ್ವರಕ್ಕೆ ಇಳಿದರಾಯಿತು ಎಂದುಕೊಂಡೆ. ಸುತ್ತಾದರೂ ಇಳಿಜಾರು ಆ ಕಡೆಗೇ ಹೆಚ್ಚು. "ಕೈ ಬಿಟ್ಟು ಇಳಿತಿಯೇನಲೇ?" ಎಂದ ಮಲ್ಲಪ್ಪ. ಇಳಿದೆ. ತಳ್ಳಿಕೊಂಡು ಏರಿದೆ, ಮತ್ತೆ ಇಳಿದೆ. ಹಸಿವಾದಾಗ ಇಬ್ಬರೂ ಅಕ್ಕನ ಉಂಡಿಯ ಗಂಟು ಬಿಚ್ಚಿದೆವು.

ಮಧ್ಯಾಹ್ನ ಇಳಿದ ಮೇಲೆ ಹೊರಟಾಗ ಮಳೆ ಹಿಡಿಯಿತು. ಎರೆಮಣ್ಣಿನ ದಾರಿಗೆ ಒಂದು ಅಡ್ಡಮಳೆ ಸಾಕು. ಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲು ನಿಂತೇ ಬಿಟ್ಟಿತು. ಕಡ್ಡಿಯಿಂದ ಕೆತ್ತಿದೆ, ನಾಲ್ಕು ಮಾರು ಹೋಗುವುದರೊಳಗೆ ಮತ್ತೆ ಮೆತ್ತಿತು. ಹೆಗಲ ಮೇಲೆ ಹೊತ್ತೆ, ಜಾರಿ ಬಿದ್ದೆ, ಖಣ ಎರಡೂ ಕೆಸರಾದವು. ಹೊರಳಿ ತಿಕೋಟಾಕ್ಕೆ ಹೋಗಿ ಮಲ್ಲಪ್ಪನ ಮನೆಯಲ್ಲಿ ಮಲಗಿದೆ.

ಇಲ್ಲಿಯವರೆಗಿನದು ಹುಡುಗಾಟಿಕೆ, ಬೈದು ಬಿಡಬಹುದಾಗಿತ್ತು. ಮರುದಿನ ಬಿಸಿಲು ಬಿದ್ದಿತ್ತು, ಹಬ್ಬಕ್ಕೆ ಇನ್ನೂ ಸಮಯವಿತ್ತು. ಬರಿಗೈಯಲ್ಲಾದರೂ ಹೋಗಿ "ಅಕ್ಕಾ, ನಡಿ" ಎಂದಿದ್ದರೆ — ಆದರೆ ಉಂಡಿ ಎಲ್ಲಿ, ಖಣ ಎಲ್ಲಿ ಎಂದು ಕೇಳಿದರೆ? ಮರ್ಯಾದೆಯ ಅಂಜಿಕೆ. ಸುಡುಗಾಡು ಮರ್ಯಾದೆ. ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದೆ.

ಅವ್ವ ಬಾಗಿಲಲ್ಲೇ ಇದ್ದಳು. "ಅಕ್ಕ ಯಾವಾಗ ಬರ್ತಾಳಪ್ಪಾ?"

"ಅವರತ್ತಿ ಕಳಸಂಗಿಲ್ಲ ಅಂದ್ಳು. ಖಣ ಅಷ್ಟ ಇಟಗೊಂಡ್ಳು."

ಖಣದ ಮಾತನ್ನು ಯಾಕೆ ಸೇರಿಸಿದೆನೋ! ಸುಳ್ಳು ನಿಲ್ಲಲೆಂದು ಒಂದು ಊರುಗೋಲು ಕೊಟ್ಟೆ. ಅಪ್ಪ ಮುಖ ಕೆಂಪಗೆ ಮಾಡಿಕೊಂಡು, "ಅವರಾಗಿ ಹೇಳಿ ಕಳಸೂ ತನಕಾ ನಾವು ಆ ಊರಿಗಿ ಹೋಗೂದು ಬ್ಯಾಡ" ಎಂದ. ಅತ್ತ ಅವರು ನಮ್ಮ ಕರೆ ಕಾಯುತ್ತಿದ್ದರು, ಇತ್ತ ನಾವು ಅವರ ಮಾತು ಕಾಯುತ್ತಿದ್ದೆವು. ಮುಂದಿನ ಪಂಚಮಿಯೂ ಹಾಗೇ ಹೋಯಿತು. ಓಣಿಯ ಹುಡುಗಿಯರು ಜೋಕಾಲಿ ಆಡುವಾಗ ಅವ್ವ ಕಿಟಕಿ ಮುಚ್ಚಿ ಒಳಗೆ ಕೂತಿದ್ದಳು.

ಆ ದಿನಗಳಲ್ಲಿ ನಾನು ತುಳಿಯದ ರಸ್ತೆಯಿಲ್ಲ. ಅರಕೇರಿಗೆ ಹೋದೆ, ಅಥಣಿ ರಸ್ತೆಯಲ್ಲಿ ಉಸಿರು ಹೋಗುವಷ್ಟು ತುಳಿದೆ. ಬಬಲೇಶ್ವರದ ದಾರಿಯನ್ನೂ ಎಷ್ಟೋ ಸಲ ಹಿಡಿದೆ — ಡೋಣಿಯವರೆಗೆ. ದಂಡೆಯಲ್ಲಿ ಒಂದು ಕಾಲು ಊರಿ ನಿಂತು, ಇಂದು ಹೇಳಿಯೇ ಬಿಡುತ್ತೇನೆ ಎಂದುಕೊಂಡು... ತಿರುಗಿ ಬಂದೆ. ಆಚೆ ದಂಡೆಯಿಂದ ಅಕ್ಕನ ಮನೆ ದೂರವೇನಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ಸುದ್ದಿ ಮುಟ್ಟಿ ಅಕ್ಕ ಬಂದಳು, ಜೊತೆಗೆ ನೀಲವ್ವನೂ ಬಂದಳು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ; ಬೀಗರು ಬುತ್ತಿ ತರಬೇಕು. ನೀಲವ್ವ ಬುಟ್ಟಿ ತುಂಬ ರೊಟ್ಟಿ ತಂದಿದ್ದಳು. ಅಕ್ಕ ಅವ್ವನ ಮುಂದೆ ಕೂತು, ನಮ್ಮ ಹೆಣ್ಣುಮಕ್ಕಳು ಅಳುವ ಹಾಗೆ, ಹಾಡಿ ಹಾಡಿ ಅತ್ತಳು: "ಎರಡ ಪಂಚಮಿ ಹ್ವಾದುವಲ್ಲೇ ಯವ್ವಾ... ಗಂಟ ಕಟಗೊಂಡು ಬಾಗಲ್ದಾಗ ಕುಂತಿದ್ನಲ್ಲೇ ಯವ್ವಾ... ಕರಿಯಾಕ ಯಾರೂ ಬರಲಿಲ್ಲಲ್ಲೇ..."

ಅಪ್ಪ ತಲೆ ಎತ್ತಿದ. ನನ್ನನ್ನು ನೋಡಿದ, ಆಮೇಲೆ ಅಕ್ಕನನ್ನು. "ಇಂವ ಬಂದಿರಲಿಲ್ಲೇನಬೇ? ನಿಮ್ಮತ್ತಿ ಕಳಸಂಗಿಲ್ಲ ಅಂದ್ಳು ಅಂತ ಹೇಳಿದ್ನಲ್ಲ?"

ಅಕ್ಕ ನನ್ನ ಕಡೆ ನೋಡಿದಳು. ನಾನು — ನಾನು ಆಗಲೂ ನಿಜ ಹೇಳಲಿಲ್ಲ.

ಹಿಂದಿನಿಂದ ನೀಲವ್ವ ಹೇಳಿದಳು, "ಬಂದಿದ್ದ ರೀ, ಬೀಗರ. ಇಕಿಗಿ ಗೊತ್ತಿಲ್ಲ. ನಾನಽ ಕಳಸಲಿಲ್ಲ."

ಅವ್ವನನ್ನು ಕಳಕೊಂಡ ದಿನವೇ ಈ ಮನೆ ಮಗನನ್ನೂ ಕಳಕೊಳ್ಳಬಾರದು ಎಂದುಕೊಂಡಳೋ, ಸೊಸೆಗೆ ತವರು ಉಳಿಯಲಿ ಎಂದುಕೊಂಡಳೋ — ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಮುಂದೆ ಅಕ್ಕ ಪಂಚಮಿಗೆ ಬರುತ್ತಾ ಹೋದಳು, ನನ್ನನ್ನು ಒಂದು ದಿನವೂ ಕೇಳಲಿಲ್ಲ. ನೀಲವ್ವ ತೀರಿಕೊಂಡಳು, ಅಪ್ಪನೂ ಅವಳನ್ನು ಬೈಯುತ್ತಲೇ ಹೋದ. ಇಂದಿಗೂ ನಮ್ಮ ಮನೆಯಲ್ಲಿ ಯಾರಾದರೂ ಮನಸ್ಸು ಕಲ್ಲು ಮಾಡಿಕೊಂಡರೆ "ನೀಲವ್ವ ಆಗಬ್ಯಾಡ" ಎನ್ನುತ್ತಾರೆ. ನನ್ನ ಮಕ್ಕಳೂ ಅನ್ನುತ್ತಾರೆ. ನಾನು ಕೇಳಿಸಿಕೊಂಡು ಸುಮ್ಮನಿರುತ್ತೇನೆ. ಈ ಪಂಚಮಿಗೆ ಅಕ್ಕ ಬಂದಾಗ ಎಲ್ಲರ ಮುಂದೆ ಇದನ್ನು ಓದುತ್ತೇನೆ. ಅದರಿಂದ ನೀಲವ್ವನಿಗೆ ಏನೂ ತಿರುಗಿ ಬರುವುದಿಲ್ಲ, ನನಗೆ ಗೊತ್ತು.

ಅವ್ವ ಹೋದ ಆ ದಿನ ನಮ್ಮವರು ಯಾರೂ ಅವಳ ಬುಟ್ಟಿ ಮುಟ್ಟಲಿಲ್ಲ. ನನಗೆ ಹಸಿವೆಯಿತ್ತು, ನಾನೂ ಮುಟ್ಟಲಿಲ್ಲ. ಸಂಜೆ ಚಕ್ಕಡಿ ಹೊರಟಾಗ ತುಂಬಿದ ಬುಟ್ಟಿ ಹಾಗೆಯೇ ಮೇಲೇರಿತು. ಎತ್ತಿಕೊಟ್ಟವನು ನಾನು.