ಗಂಗಕ್ಕ ಮರೆತಿರಲಿಲ್ಲ

ಗಂಗಕ್ಕ ಅಂಗಡಿಗಳ ಪಾರ್ಕಿಂಗ್ ಲಾಟಿನಲ್ಲಿ ನಟ್ಟನಡುವೆ ನಡೆಯುತ್ತಿದ್ದಳು. ಹಿಂದೆ ಕಾರು ಬಂದು ನಿಂತರೂ ತಿರುಗಿ ನೋಡುತ್ತಿರಲಿಲ್ಲ. ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ತೋರಿಸುತ್ತಿದ್ದಳು, ಅಷ್ಟೇ. ಮೈಮೇಲೆ ಇಳಕಲ್ ಸೀರೆ, ಕಾಲಿಗೆ ಬಿಳಿ ಬೂಟು, ಹೆಗಲಿಗೆ ಗಂಡನ ಕಾಲದ ಚರ್ಮದ ಚೀಲ. ನಿಂತಿದ್ದ ಕಾರುಗಳ ಸಂದಿಯಲ್ಲಿ ನುಸುಳುತ್ತಾ ನಾನು, "ಅಕ್ಕಾರ, ಈ ಕಡೆ ಸರೀರಿ" ಎಂದು ಗೋಗರೆಯುತ್ತಿದ್ದೆ.

"ಅವಕ್ಕ ಬ್ರೇಕ್ ಅದಾವಲ್ಲೋ ತಮ್ಮಾ. ಅವು ಅಂಜಲಿ. ನೀ ಯಾಕ ಅಂಜ್ತಿ?"

ನನ್ನ ಅಂಜಿಕೆಗೆ ಕಾರಣ ಬೇಕಿರಲಿಲ್ಲ. ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಮುಗಿಸಿ ಅಲ್ಲಿಯೇ ಕಾಳಿನ ಅಂಗಡಿಯಲ್ಲಿದ್ದವನು ನಾನು. ಹೆಂಡತಿ ಸರೋಜಾಳಿಗೆ ಡಲ್ಲಾಸಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಅವಳ ಬೆನ್ನ ಹಿಂದೆ ಬಂದು ಅಲೆನ್‌ನಲ್ಲಿ ಮನೆ ಹೂಡಿದೆ. ಒಂದು ಇಂಡಿಯನ್ ಕಿರಾಣಿ ಅಂಗಡಿಯ ಗೋದಾಮಿನಲ್ಲಿ ಅಕ್ಕಿ ಚೀಲ ಇಳಿಸುತ್ತಾ ವಯಸ್ಸು ಕಳೆದೆ. ಇಷ್ಟು ವರ್ಷವಾದರೂ ಹೈವೇ ಕಂಡರೆ ಹೆದರಿಕೆ, ಪೊಲೀಸರ ಕಾರು ಕಂಡರೆ ಹೆದರಿಕೆ, ಬಾಗಿಲ ಗಂಟೆ ಬಾರಿಸಿದರೂ ಹೆದರಿಕೆ. ಅಂಥವನನ್ನು ಗಂಗಕ್ಕ ಯಾಕೆ ಜೊತೆಗಿಟ್ಟುಕೊಂಡಳೋ ಕಾಣೆ. ಹಾವೇರಿ ಕಡೆಯವಳು, ನಮ್ಮ ಸೀಮೆಯ ಮಾತು ಆಡುವವನು ಸಿಕ್ಕನಲ್ಲ ಎಂದು ಇದ್ದೀತು.

ಆಕೆಯ ಗಂಡ ಮೆಕಿನ್ನಿಯಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಂಕ್ ಮಾರಿದಳು. ಅವರ ಹಳೆಯ ಪಿಕಪ್ ಟ್ರಕ್ಕನ್ನು ಮಾತ್ರ ಮಾರಲಿಲ್ಲ. ಆ ಎತ್ತರದ ಗಾಡಿಗೆ ನಿರಿಗೆ ಎತ್ತಿ ಹಿಡಿದು ಹತ್ತಿ, ಸೀಟಿನ ಮೇಲೆ ದಿಂಬು ಹಾಕಿಕೊಂಡು ಡ್ರೈವ್ ಮಾಡುತ್ತಿದ್ದಳು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಓದಲು ಬಂದ ಹುಡುಗರಿಗೂ ನಮ್ಮ ಕಡೆಯ ಮನೆಗಳಿಗೂ ತಾನೇ ಮುಟ್ಟಿಸುತ್ತಿದ್ದಳು. ಹುಡುಗರು ಆಂಟಿ ಎಂದರೆ ರೇಗುತ್ತಿದ್ದಳು. "ಆಂಟಿ ಅಂದವ್ರಿಗೆ ಬ್ರೆಡ್ಡು, ಅವ್ವಾ ಅಂದವ್ರಿಗೆ ರೊಟ್ಟಿ. ಯಾವ್ದು ಬೇಕು ನೋಡ್ರಿ."

ಒಬ್ಬನೇ ಮಗ ಬಸವರಾಜ ಹ್ಯೂಸ್ಟನ್ ಹತ್ತಿರ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್. ಒಳ್ಳೆಯವನು, ತಾಯಿ ಒಂಟಿಯಾಗಿದ್ದಾಳಲ್ಲ ಎಂಬುದೇ ಅವನ ಕೊರಗು. ಬಂದಾಗಲೆಲ್ಲ, "ಅವ್ವಾ, ಗಾಡಿ ಬಿಡು, ನನ್ನ ಮನೀಗೆ ಶಿಫ್ಟ್ ಆಗು" ಎನ್ನುತ್ತಿದ್ದ. ಒಂದು ದಿನ ಗಂಗಕ್ಕ ನನ್ನೆದುರೇ ಅವನಿಗೆ ಮಾತು ಕೊಟ್ಟಳು.

"ನೋಡು ಬಸೂ, ಯಾವತ್ತ ನನಗ ಮರವು ಬರ್ತೈತಿ, ಅವತ್ತ ಈ ಗಾಡಿ ಕೀಲಿ ನಿನ್ನ ಕೈಯಾಗ ಇಟ್ಟು ಬಾಯಿ ಮುಚ್ಚಿಕೊಂಡು ಬರ್ತೀನಿ. ಅಲ್ಲೀತನಕಾ ಈ ಮಾತು ಎತ್ತಬ್ಯಾಡ."

ಬಸವರಾಜ ಒಪ್ಪಿದ. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ಸ್ವಲ್ಪ ಕಣ್ಣಿಟ್ಟಿರ್ರಿ" ಎಂದ. ನಾನು ತಲೆಯಾಡಿಸಿದೆ.

ಡಲ್ಲಾಸಿನಿಂದ ಪಶ್ಚಿಮಕ್ಕೆ ಸುಮಾರು ದೂರ ಹೋದರೆ ಒಂದು ಸಣ್ಣ ಊರು ಸಿಗುತ್ತದೆ. ವರ್ಷಕ್ಕೊಮ್ಮೆ ಅಲ್ಲಿ ಹೋರಿ ಸವಾರಿಯ ರೋಡಿಯೋ ಹಬ್ಬ. ಬೀದಿಯುದ್ದಕ್ಕೂ ಧ್ವಜ, ದೊಡ್ಡ ಟೋಪಿಯ ಗಂಡಸರು ಹೆಂಗಸರು, ಕುದುರೆಗಳ ಮೆರವಣಿಗೆ, ಮಾಂಸ ಸುಡುವ ಹೊಗೆ. ಗಂಗಕ್ಕ ಒಂದು ವರ್ಷವೂ ತಪ್ಪಿಸುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಅಖಾಡದ ಬೇಲಿಗೆ ತಾಗಿದ ಮೊದಲ ಸಾಲಿನಲ್ಲೇ ಕೂರಬೇಕು. ಹೋರಿ ಬೇಲಿಯ ಬಳಿ ಬಂದು ಮಣ್ಣು ಚಿಮ್ಮಿಸಿದರೆ ನಾನು ಕಣ್ಣು ಮುಚ್ಚುತ್ತಿದ್ದೆ. ಆಕೆ ಸೆರಗಿನ ಮೇಲೆ ಬಿದ್ದ ಮಣ್ಣನ್ನು ಕೊಡವುತ್ತಲೂ ಇರಲಿಲ್ಲ.

ಸವಾರ ಎಂಟು ಸೆಕೆಂಡು ಹೋರಿಯ ಬೆನ್ನ ಮೇಲೆ ಕುಳಿತರೆ ಗೆದ್ದಂತೆ. ಜನರೆಲ್ಲ ಸವಾರನಿಗೆ ಚಪ್ಪಾಳೆ ತಟ್ಟುವರು. ಗಂಗಕ್ಕ ಮಾತ್ರ, ಸವಾರ ಕೆಳಗೆ ಬಿದ್ದು ಎದ್ದು ಮೈ ಝಾಡಿಸಿಕೊಳ್ಳುವುದನ್ನು ನೋಡಿ, ಆಮೇಲೆ ಎದ್ದು ನಿಂತು ಹೋರಿಗೆ ಚಪ್ಪಾಳೆ ತಟ್ಟುವಳು. ಒಮ್ಮೆ ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬ, ನೀವು ಯಾರ ಕಡೆಯವರು ಎಂದು ನಗುತ್ತಾ ಕೇಳಿದ. ಬಂಕಿನ ಕೌಂಟರಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಗಂಗಕ್ಕ, "ಬುಲ್ ಫ್ಯಾಮಿಲಿ ಸರ್" ಎಂದಳು. ಮುದುಕ ಟೋಪಿ ತೆಗೆದು ಎದೆಗೆ ಹಿಡಿದ.

ಅದು ಹುಸಿಯಲ್ಲ. ಆಕೆಯ ತವರಿನಲ್ಲಿ ಹೋರಿ ಸಾಕುತ್ತಿದ್ದರು. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಬೆದರಿಸುತ್ತಾರೆ: ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಲು ಬಿಡುತ್ತಾರೆ, ಕೊಬ್ಬರಿ ಕಿತ್ತವನು ಗಂಡಸು, ಕೀಳಗೊಡದ್ದು ಹೋರಿ. ಅಖಾಡಕ್ಕೆ ಬಿಡುವ ಮೊದಲು ಮನೆಯವರೊಬ್ಬರು ಹಣೆಗೆ ಕುಂಕುಮವಿಟ್ಟು ಅಂಗೈಯಿಂದ ಕೊಬ್ಬರಿ ತಿನ್ನಿಸಬೇಕು. ಅವರ ಮನೆಯಲ್ಲಿ ಆ ಕೆಲಸ ಗಂಗಕ್ಕನದು. "ಅಪ್ಪನ್ನೂ ಹತ್ರ ಬರಗೊಡ್ತಿರಲಿಲ್ಲ ಅದು. ನನ್ನ ಕೈ ನೆಕ್ಕಿ ಹೋಗ್ತಿತ್ತು" ಎನ್ನುವಳು. ಹಾಗೆ ಹೇಳುವಾಗ ಅಂಗೈಯನ್ನು ನನಗೂ ತೋರಿಸುವಳು, ಒದ್ದೆ ಇನ್ನೂ ಇದೆಯೇನೋ ಎಂಬಂತೆ.

ಕೊನೆಯ ಸಲ ಹೋದಾಗ ಆಟ ಶುರುವಾಗಲು ಇನ್ನೂ ಹೊತ್ತಿತ್ತು. ಸುಡುಬಿಸಿಲು. ಗಂಗಕ್ಕ ಅಖಾಡದ ಹಿಂಭಾಗಕ್ಕೆ ನಡೆದಳು. ಅಲ್ಲಿ ಕಬ್ಬಿಣದ ಪೈಪುಗಳಿಂದ ಕಟ್ಟಿದ ದೊಡ್ಡಿಗಳು, ನಡುವೆ ಹೋರಿಗಳನ್ನು ಅಖಾಡಕ್ಕೆ ಅಟ್ಟುವ ಒಂದು ಕಿರಿದಾದ ಓಣಿ. ಹೊರಗಿನವರು ಬರಬಾರದೆಂದು ಫಲಕವಿತ್ತು. ಒಂದು ದೊಡ್ಡಿಯಲ್ಲಿ ಬೂದು ಬಣ್ಣದ ಹೋರಿಯೊಂದು ತಲೆ ತಗ್ಗಿಸಿ ನಿಂತಿತ್ತು. ಅದರ ಬೆನ್ನ ಮೇಲೆ ಡುಬ್ಬವಾಗಿ ಎದ್ದ ಇಣಿ, ಕೊರಳ ಕೆಳಗಿನ ಗಂಗೆದೊಗಲು ನೆಲಕ್ಕೆ ಇಳಿಬಿದ್ದಿತ್ತು. ನಮ್ಮ ಊರಿನ ಹೋರಿಯಂತೆಯೇ ಇತ್ತು.

"ಇಣಿ ನೋಡಲೇ ತಮ್ಮಾ! ಇದು ನಮ್ಮ ಕಡೀದು. ಇವರ ಮುತ್ಯಾ ಯಾವನೋ ಹಡಗಿನಾಗ ಹೇರಿಕೊಂಡು ಬಂದಾನ. ಪಾಪ, ಕುಂಕುಮ ಹಚ್ಚಾವ್ರು ಯಾರದಾರ ಇಲ್ಲೆ ಅದಕ್ಕ?"

"ಅಕ್ಕಾರ, ಬ್ಯಾಡ್ರಿ. ಬೋರ್ಡ್ ಹಾಕ್ಯಾರ."

"ಬೋರ್ಡ್ ಇರೂದು ಮಂದಿಗೆ. ನಾ ಮನೀಯಾಕಿ."

ಚೀಲದಿಂದ ಕೊಬ್ಬರಿ ಬಟ್ಟಲು, ಕುಂಕುಮದ ಡಬ್ಬಿ ತೆಗೆದಳು. ಮನೆಯಿಂದಲೇ ತಂದಿದ್ದಳು. ಓಣಿಯ ಗೇಟು ಬಿಟ್ಟರೆ ತಾನಾಗಿ ಮುಚ್ಚಿಕೊಂಡು ಹೊರಗಡೆ ಚಿಲಕ ಬೀಳುವಂಥದು. ಆಕೆ ಅದನ್ನು ಪೂರ್ತಿ ತೆರೆದು ನನ್ನ ಕೈಗೆ ಕೊಟ್ಟಳು.

"ಇದನ್ನ ಹಿಡಕೊಂಡು ನಿಂದ್ರು. ಬಿಡಬ್ಯಾಡ. ನಿನ್ನಿಂದ ನನಗ ಬೇಕಾಗಿದ್ದು ಇಷ್ಟ ನೋಡು."

ನಾನು ಎರಡೂ ಕೈಯಿಂದ ಹಿಡಿದೆ. ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಡುತ್ತಿತ್ತು. ಗಂಗಕ್ಕ ಓಣಿಯೊಳಗೆ ಹೋಗಿ, ಪೈಪುಗಳ ನಡುವೆ ಕೈ ತೂರಿಸಿ, ನಾಲಿಗೆಯಿಂದ ಲೊಚಗುಟ್ಟಿದಳು. ಹೋರಿ ತಲೆಯೆತ್ತಿತು. ಒಂದೊಂದೇ ಹೆಜ್ಜೆಯಿಡುತ್ತಾ ಬಂತು. ಆಕೆ ಅದರ ಹಣೆ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. "ಮೂಸಾಕತ್ತೈತಿ ನೋಡಲೇ" ಎಂದು ನಕ್ಕಳು.

ಆಗ ನನ್ನ ಬದಿಯ ದೊಡ್ಡಿಯಲ್ಲಿದ್ದ ಇನ್ನೊಂದು ಹೋರಿ ಪೈಪಿಗೆ ಒದೆಯಿತು. ಸದ್ದು ಎಲುಬಿನೊಳಗೆ ಹೊಕ್ಕಂತಾಯಿತು. ನಾನು ಗೇಟು ಬಿಟ್ಟು ಓಡಿದೆ. ಹಿಂದೆ ಗೇಟು ಬಡಿದುಕೊಂಡದ್ದು ಕೇಳಿಸಿತು. "ತಮ್ಮಾ, ಗೇಟು!" ಎಂದು ಗಂಗಕ್ಕ ಕೂಗಿದ್ದೂ ಕೇಳಿಸಿತು. ಕೇಳಿಸಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಿಸಿತ್ತು.

ನಿಂಬೆ ಶರಬತ್ತಿನ ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತೆ. ಅತ್ತ ಆಳುಗಳು ಹೋರಿಗಳನ್ನು ಓಣಿಗೆ ಬಿಡಲು ಶುರುಮಾಡಿದ್ದರಂತೆ. ಮೇಲಿನ ಹಲಗೆಯ ಮೇಲೆ ನಿಂತಿದ್ದ ಒಬ್ಬ ಸೀರೆಯನ್ನು ಕಂಡು, ಕೂಗಿಕೊಂಡು, ಬಗ್ಗಿ ಆಕೆಯ ರಟ್ಟೆ ಹಿಡಿದು ಬೇಲಿಯಿಂದಾಚೆಗೆ ಎಳೆದುಹಾಕಿದನಂತೆ. ಬಿದ್ದ ರಭಸಕ್ಕೆ ಆಕೆಯ ಮಣಿಕಟ್ಟು ಮುರಿಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಧ್ವನಿವರ್ಧಕದಲ್ಲಿ ಸೀರೆಯುಟ್ಟ ಹಿರಿಯ ಹೆಂಗಸಿನ ಕಡೆಯವರು ಬರಬೇಕೆಂದು ಕರೆದಾಗ ಎದ್ದು ಹೋದೆ.

ಕುರ್ಚಿಯ ಮೇಲೆ ಕೂರಿಸಿದ್ದರು. ಕೈಗೆ ಪಟ್ಟಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಪೊಲೀಸಿನವನು, ಸೊಂಟದಲ್ಲಿ ಪಿಸ್ತೂಲು. ಅವನು ಮೆತ್ತಗೆ ಮಾತಾಡಿದ. ಒಳಗೆ ಹೇಗೆ ಹೋದರು, ಜೊತೆಯಲ್ಲಿ ಯಾರಾದರೂ ಇದ್ದರೇ ಎಂದು ಕೇಳಿದ. ನನ್ನ ಕಣ್ಣು ಆ ಪಿಸ್ತೂಲಿನ ಮೇಲೆಯೇ ಇತ್ತು.

"ನೋ ಸರ್. ಶಿ ಗೋ ಅಲೋನ್. ಶಿ ಫರ್ಗೆಟ್, ಸರ್. ಮೆಮೊರಿ ಪ್ರಾಬ್ಲಂ."

ಗಂಗಕ್ಕ ನನ್ನತ್ತ ತಿರುಗಿದಳು. ಪೊಲೀಸಿನವನ ಮುಂದೆ ಏನೂ ಹೇಳಲಿಲ್ಲ.

ಟ್ರಕ್ಕನ್ನು ನಾನೇ ಓಡಿಸಬೇಕಾಯಿತು. ಲಾರಿಗಳು ಹಾರ್ನ್ ಹೊಡೆದು ದಾಟುತ್ತಿದ್ದವು. ಸ್ಟಿಯರಿಂಗ್ ಬೆವರಿನಿಂದ ಜಾರುತ್ತಿತ್ತು. ಬಹಳ ದೂರ ಬಂದ ಮೇಲೆ ಗಂಗಕ್ಕ ಬಾಯಿ ಬಿಟ್ಟಳು.

"ನನಗ ಮರವು ಬಂದೈತೇನೋ ತಮ್ಮಾ?"

"ಪೊಲೀಸ್ರು ಹಿಡೀತಾರ ಅಂತ ಅಂಜಿಕಿ ಆತ್ರಿ ಅಕ್ಕಾರ."

"ಪೊಲೀಸಗ ಹೇಳಿದ್ದು ಹೋಗ್ಲಿ ಬಿಡು. ಬಸೂಗ ಮಾತ್ರ ಖರೇ ಹೇಳು. ಅವಂಗ ನಾ ಏನ್ ಮಾತು ಕೊಟ್ಟೀನಿ, ನಿನಗ ಗೊತ್ತೈತಿ."

"ಹೇಳ್ತೀನ್ರಿ" ಎಂದೆ. ಆ ಹೊತ್ತಿನಲ್ಲಿ ಹೇಳಬೇಕೆಂದೇ ಇದ್ದೆ.

ಸುದ್ದಿ ಮುಟ್ಟಿ ಬಸವರಾಜ ಮರುದಿನ ಬೆಳಿಗ್ಗೆ ಮೆಕಿನ್ನಿಗೆ, ಗಂಗಕ್ಕನ ಮನೆಗೆ ಬಂದ. ನಾನೂ ಅಲ್ಲಿದ್ದೆ. ಮುಖ ಕಪ್ಪಿಟ್ಟಿತ್ತು. ಚಪ್ಪಲಿ ಕಳಚದೆಯೇ ನನ್ನೆದುರು ನಿಂತ. "ಅಂಕಲ್, ನೀವು ಸಂಗಾಟ ಇದ್ರಿ. ಅವ್ವ ದನದ ದೊಡ್ಡ್ಯಾಗ ಹೆಂಗ ಸಿಕ್ಕೊಂಡ್ಲು?" ಅವನ ದನಿ ನಡುಗುತ್ತಿತ್ತು. ಅದನ್ನು ಸಿಟ್ಟೆಂದು ತಿಳಿದೆ. ನಾನು ಶರಬತ್ತು ತರಲು ಹೋಗಿದ್ದೆ, ಬರುವಷ್ಟರಲ್ಲಿ ಆಕೆ ಇರಲಿಲ್ಲ, ಇತ್ತೀಚೆಗೆ ಹೀಗೆ ಮರೆತು ಎಲ್ಲೆಲ್ಲೋ ಹೋಗುತ್ತಾಳೆ ಎಂದುಬಿಟ್ಟೆ.

"ಸುಳ್ಳು" ಎಂದಳು ಗಂಗಕ್ಕ. "ಇವನ ಕೈಯಾಗ ಗೇಟ್ ಕೊಟ್ಟು ನಾ ಒಳಗ ಹೋಗಿದ್ದೆ. ಇವ ಬಿಟ್ಟು ಓಡಿದ."

ಬಸವರಾಜ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ, ತಗ್ಗಿದ ದನಿಯಲ್ಲಿ, ಕರುಣೆಯಿಂದ ಎಂಬಂತೆ ಹೇಳಿದೆ: "ಪಾಪ, ಅವರಿಗೆ ಹಂಗ ಅನಸ್ತೈತ್ರಿ."

ನಾನು ಮಾಡಿದ ಪಾಪ ಇದು. ಗೇಟು ಬಿಟ್ಟದ್ದು ಕಾಲಿನ ಹೆದರಿಕೆ. ಇದು ಯೋಚಿಸಿ ಆಡಿದ ಮಾತು. ಆ ಮಾತಿನ ಮೇಲೆ ಆಕೆ ಏನೇ ಹೇಳಿದರೂ ಅದು ರೋಗದ ಲಕ್ಷಣವೇ. ಗಂಗಕ್ಕನಿಗೆ ಅದು ಆ ಕ್ಷಣವೇ ತಿಳಿಯಿತು. ಎದ್ದು ಹೋಗಿ ಮೊಳೆಗೆ ತೂಗುಹಾಕಿದ್ದ ಟ್ರಕ್ಕಿನ ಕೀಲಿ ತಂದು ಮಗನ ಕೈಯಲ್ಲಿಟ್ಟಳು. ಆ ವಾರವೇ ಮನೆ ಖಾಲಿಯಾಯಿತು.

ಅಂದಿನಿಂದ ಫೋನು ಬಾರಿಸಿದರೆ ನಾನು ಎತ್ತುತ್ತಿರಲಿಲ್ಲ. ಸರೋಜಾ, "ಏನಾಗೇತ್ರಿ ನಿಮಗ? ಅಕ್ಕಾರನ್ನ ನೋಡ್ಕೊಂಡರ ಬರ್ರಿ" ಎನ್ನುತ್ತಿದ್ದಳು. ಅವಳಿಗೂ ಹೇಳಿರಲಿಲ್ಲ. ಕೊನೆಗೆ ಅವಳೇ ರಜೆ ಹಾಕಿ ಕ್ಲಿಯರ್ ಲೇಕ್‌ಗೆ ಕರೆದುಕೊಂಡು ಹೋದಳು.

ಒಳ್ಳೆಯ ಮನೆ. ಯಾವ ಬಾಗಿಲು ತೆರೆದರೂ ಟಿಂಗ್ ಎಂದು ಸದ್ದು. ಗಂಗಕ್ಕ ಕಿಟಕಿಯ ಬಳಿ ಕುಳಿತಿದ್ದಳು, ಇಳಿದುಹೋಗಿದ್ದಳು. ಸರೋಜಾ ಸೊಸೆಯ ಜೊತೆ ಹಿತ್ತಲಿಗೆ ಹೋದ ಮೇಲೆ ನನ್ನನ್ನು ಅಡಿಗೆಮನೆಗೆ ಕರೆದು ಒಲೆ ತೋರಿಸಿದಳು. ಉರಿ ತಿರುಗಿಸುವ ಗುಂಡಿಗಳು ಒಂದೂ ಇರಲಿಲ್ಲ.

"ಒಲೀ ಕಿವಿ ಕಿತ್ತಿಟ್ಟಾರ ನೋಡು. ನಾ ಹಚ್ಚಿ ಮರೀತೀನಂತ."

"ಅಕ್ಕಾರ, ಇವತ್ತ ಬಸವರಾಜಗ ಎಲ್ಲಾ ಹೇಳ್ತೀನ್ರಿ" ಎಂದೆ. ಬೇಡ ಬಿಡು ಎನ್ನುತ್ತಾಳೆಂದು ಒಳಗೊಳಗೇ ಆಸೆಯಿತ್ತು.

"ಹೇಳು" ಎಂದಳು. "ಈಗ ಬರ್ತಾನ. ನಿಂತಲ್ಲೇ ಹೇಳು."

ಬಾಗಿಲು ಟಿಂಗ್ ಎಂದಿತು. ಬಸವರಾಜ ನಗುತ್ತಾ ಒಳಗೆ ಬಂದ. "ಅಂಕಲ್, ಯಾವಾಗ ಬಂದ್ರಿ? ದಾರಿ ಚೊಲೋ ಇತ್ತೇನ್ರಿ?"

"ಟ್ರಾಫಿಕ್ ಭಾಳ ಇತ್ತಪಾ" ಎಂದೆ.

ಗಂಗಕ್ಕ ನಕ್ಕಳು. ಅದರಲ್ಲಿ ಕಹಿ ಇತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. "ಇವಂಗ ನೀರು ಕೊಡೋ ಬಸೂ. ಬಾಯಿ ಒಣಗೈತಿ" ಎಂದಳು. ಆಕೆಯಿಂದ ನಾನು ಕೇಳಿದ ಕಡೆಯ ಮಾತು ಅದು. ಆ ಚಳಿಗಾಲದಲ್ಲಿ ಗಂಗಕ್ಕ ತೀರಿಕೊಂಡಳು.

ಕ್ರಿಯೆಗಳು ಮುಗಿದ ಮೇಲೆ ಬಸವರಾಜನಿಗೆ ಹೇಳಿದೆ. ಎದುರು ನಿಂತು ಹೇಳಲು ಆಗಲಿಲ್ಲ, ಫೋನಿನಲ್ಲಿ. ಗೇಟು, ಓಟ, ಸುಳ್ಳು, ಏನನ್ನೂ ಉಳಿಸಲಿಲ್ಲ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವ್ವ ದಿನಾ ಹೇಳತಿದ್ಲರಿ ಅಂಕಲ್" ಎಂದ. "ಮುಂಜಾನೆ ಎದ್ದ ಕೂಡ್ಲೆ ಹೇಳತಿದ್ಲು, ನಾ ಏನೂ ಮರತಿಲ್ಲೋ ಬಸೂ ಅಂತ. ನಾ ಹೂಂ ಅವ್ವಾ, ಹೂಂ ಅಂತ ಗುಳಿಗಿ ನುಂಗಸ್ತಿದ್ದೆ."